ಚಿನ್ನದ ಗುಡ್ಡಕ್ಕೆ ಹೋಗುವವರು ನೋಡಬೇಕಾದದ್ದು

ಚಳಿಗಾಲ ಬಂದೊಡನೆ ಶಾಲೆ, ಕಾಲೇಜುಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಧಾರವಾಡ ಸೀಮೆಯ ವಿದ್ಯಾರ್ಥಿಗಳಿಗೆ ಒಂದು ದಿನದಲ್ಲಿ ಹೋಗಿ ಬರಬಹುದಾದ ತಾಣ ಗದಗ ಜಿಲ್ಲೆಯ ಕಪ್ಪತಗುಡ್ಡ. ದುಮ್ಮವಾಡದಿಂದ ಹುಬ್ಬಳ್ಳಿ, ಗದಗ ಮಾರ್ಗವಾಗಿ ಅದು ನೂರು ಕಿಲೋಮೀಟರಿನಷ್ಟು ದೂರ. ಹೊರಡುವವರ ಬಾಯಲ್ಲಿ ಮೊದಲು ಬರುವ ಮಾತು 'ಚಿನ್ನದ ಗುಡ್ಡ' ಎಂಬುದೇ. ಆದರೆ ಅಲ್ಲಿಗೆ ಹೋಗಿ ಚಿನ್ನವನ್ನು ಹುಡುಕುವ ಕಣ್ಣಿಗೆ ಗುಡ್ಡವೇ ಕಾಣದೆ ಹೋಗುವ ಅಪಾಯವುಂಟು.

ಚಿನ್ನದ ಕಥೆ ಸುಳ್ಳಲ್ಲ. ಮಳೆಗಾಲದ ನೆರೆ ಇಳಿದ ಮೇಲೆ ಡೋಣಿ ಸುತ್ತಲಿನ ಹಳ್ಳಗಳ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಹೊನ್ನಿನ ಕಣ ಆರಿಸುತ್ತಿದ್ದ ಜಾಲಗಾರರು ಇಲ್ಲಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳದ ಗುಡ್ಡಗಳ ಚಿನ್ನದ ಬಗ್ಗೆ ಬರೆದರು. ಈ ಶಿಲೆಗಳಿಗೆ ಮುಂದೆ ಅವರೇ ಕೊಟ್ಟ 'ಧಾರವಾಡ' ಎಂಬ ಹೆಸರು ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲಿಷ್ ಕಂಪನಿಗಳು ಹೊಸೂರು, ಕಬಲಾಯತಕಟ್ಟಿಗಳಲ್ಲಿ ಸುರಂಗ ತೋಡಿದವು. ಹಾಕಿದ ಹಣ ಹುಟ್ಟದೆ ಬಿಟ್ಟುಹೋದವು. ಹತ್ತಿರದ ಲಕ್ಕುಂಡಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಟಂಕಸಾಲೆಯೇ ಇದ್ದು, ಲೊಕ್ಕಿ ಗದ್ಯಾಣವೆಂಬ ಹೊನ್ನಿನ ನಾಣ್ಯ ಪ್ರಸಿದ್ಧವಾಗಿತ್ತು.

ಗಣಿ ನಿಂತ ಮೇಲೆ ಚಿನ್ನದ ಊರು ಹೇಗಿರುತ್ತದೆಂದು ಅರಿಯಬೇಕಾದವರಿಗೆ ಕೋಲಾರದ ಉದಾಹರಣೆಯಿದೆ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಆ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಿನ್ನ ಹೊರಗೆ ಹೋಯಿತು. ಊರಿನ ಪಾಲಿಗೆ ಉಳಿದದ್ದು ಸಯನೈಡಿನಲ್ಲಿ ತೊಳೆದ ಕಲ್ಲಿನ ಹುಡಿಯ ದಿಬ್ಬಗಳು. ಒಂದು ಟನ್ ಕಲ್ಲನ್ನು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನವಾದ್ದರಿಂದ ಮಿಕ್ಕದ್ದೆಲ್ಲ ದಿಬ್ಬವಾಗಲೇಬೇಕು. ಚಲನಚಿತ್ರಗಳ ಚಿತ್ರೀಕರಣದ ನಂತರ ಆ ದಿಬ್ಬಗಳೇ ಫೋಟೋ ತೆಗೆಸಿಕೊಳ್ಳುವ ಜಾಗಗಳಾಗಿವೆ. ಗಾಳಿ ಬೀಸಿದಾಗ ಅದೇ ಹುಡಿ ಯಾರ ಮನೆಯೊಳಗೆ ಹೋಗುತ್ತದೆಂಬುದನ್ನು ಫೋಟೋ ಹೇಳುವುದಿಲ್ಲ.

ಕಪ್ಪತಗುಡ್ಡಕ್ಕೆ ಆ ಗತಿ ಬರಲಿಲ್ಲವೆಂದರೆ ಅದಕ್ಕೆ ಜನರೇ ಕಾರಣ. 2015ರ ಕೊನೆಯಲ್ಲಿ ಸರ್ಕಾರ ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿತು. ಮರುವರ್ಷವೇ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಗದುಗಿನಲ್ಲಿ ನಡೆದ ಹೋರಾಟದ ಫಲವಾಗಿ 2017ರಲ್ಲಿ ಆದೇಶ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಸ್ವಾಮಿಗಳು ಅದನ್ನು ನೋಡಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು.

ಇಷ್ಟಾದ ಮೇಲೆ ಈಗ 'ಪ್ರವಾಸೋದ್ಯಮ ಬೆಳೆಸಿ, ಗುಡ್ಡ ತಾನೇ ಉಳಿಯುತ್ತದೆ' ಎಂಬ ವಾದವಿದೆ. ಇದರಲ್ಲಿ ಅರ್ಧ ನಿಜವಿದೆ. ಕಂಡವರು ಮಾತ್ರ ಕಾಯುತ್ತಾರೆ. ಗುಡ್ಡದ ಮೋರೆಯನ್ನೇ ನೋಡದ ಊರು ಅದಕ್ಕಾಗಿ ಬೀದಿಗೆ ಇಳಿಯುತ್ತಿರಲಿಲ್ಲ. ಉಳಿದರ್ಧವನ್ನು ಮಣ್ಣು ಬಲ್ಲವರು ಹೇಳಬೇಕು. ಕಪ್ಪತಗುಡ್ಡ ಮಲೆನಾಡಿನ ದಟ್ಟ ಕಾಡಲ್ಲ. ಕಡಿಮೆ ಮಳೆಯ ಸೀಮೆಯ ಕುರುಚಲು ಮತ್ತು ಹುಲ್ಲಿನ ಗುಡ್ಡ. ಅಲ್ಲಿ ಕಲ್ಲಿನ ಮೇಲಿರುವ ಮಣ್ಣು ತೆಳು. ಆ ಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರು. ಬಿದ್ದ ಮಳೆಯನ್ನು ತಡೆದು ಒಳಗಿಳಿಸುವುದೂ ಅದೇ. ಕೆಳಗಿನ ಎರೆ ಹೊಲಗಳ ಬಾವಿಗೂ ಡಂಬಳದಂಥ ಕೆರೆಗೂ ಈ ಹುಲ್ಲಿನ ಋಣವಿದೆ. ನೆತ್ತಿಯವರೆಗೆ ಅಗಲವಾದ ರಸ್ತೆ ಕಡಿದರೆ ಮಳೆಯ ನೀರಿಗೆ ಅದೇ ಕಾಲುವೆಯಾಗುತ್ತದೆ. ಗಾಳಿಯಂತ್ರಗಳಿಗಾಗಿ ಕಡಿದ ದಾರಿಗಳ ಅಂಚಿನ ಕೊರಕಲುಗಳನ್ನು ವಿದ್ಯಾರ್ಥಿಗಳು ಅವಶ್ಯ ನೋಡಬೇಕು. ಯಾವ ಪಾಠಪುಸ್ತಕವೂ ಮಣ್ಣಿನ ಸವಕಳಿಯನ್ನು ಅಷ್ಟು ಚೆನ್ನಾಗಿ ಕಲಿಸದು. ವಾಹನದ ಗಾಲಿಗೆ ಅಂಟಿದ ಕೆಸರಿನೊಂದಿಗೆ ಕಾಂಗ್ರೆಸ್ ಕಸದ ಬೀಜವೂ ಗುಡ್ಡ ಹತ್ತುತ್ತದೆ. ಫೆಬ್ರುವರಿಯ ಹೊತ್ತಿಗೆ ಒಣಗಿ ನಿಂತ ಕರಡಕ್ಕೆ ಒಂದು ಬೀಡಿಯ ತುಣುಕು ಸಾಕು.

ದುಮ್ಮವಾಡದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹುಬ್ಬಳ್ಳಿಗೆ ಕುಡಿಯುವ ನೀರು ಕೊಡಲೆಂದು ಬೇಡ್ತಿಯ ಹಳ್ಳಕ್ಕೆ ಕಟ್ಟಿದ ನೀರಸಾಗರ ಅವರ ಮಗ್ಗುಲಲ್ಲೇ ಇದೆ. ಮೇಲಿನ ಜಲಾನಯನದ ನೆಲ ಕೆಟ್ಟರೆ ಕೆರೆಯ ಹೊಟ್ಟೆ ಹೂಳಿನಿಂದ ತುಂಬುತ್ತದೆಂಬುದು ಅವರಿಗೆ ಕಣ್ಣೆದುರಿನ ಸಂಗತಿ.

ಆದ್ದರಿಂದ ಹೋಗುವುದು ಬೇಡವೆಂದಲ್ಲ, ಹೋಗುವ ರೀತಿ ಬದಲಾಗಬೇಕು. ವಾಹನ ತಪ್ಪಲಿನಲ್ಲೇ ನಿಲ್ಲಬೇಕು. ಮೇಲಕ್ಕೆ ಹೋಗುವವರು ನಡೆದೇ ಹೋಗಲಿ. ದಿನಕ್ಕೆ ಇಂತಿಷ್ಟೇ ಜನವೆಂಬ ಮಿತಿ ಬೇಕು. ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಕಾಲಿಡುವಂತಿಲ್ಲ. ಈ ನಿಯಮವನ್ನು ಶಾಲೆಗಳೇ ಮೊದಲು ಪಾಲಿಸಲಿ. ಊಟ ಹುಬ್ಬಳ್ಳಿಯ ಪೊಟ್ಟಣಗಳಲ್ಲಿ ಬರುವುದಕ್ಕಿಂತ ಡೋಣಿ, ಡಂಬಳದ ಮನೆಗಳ ಜೋಳದ ರೊಟ್ಟಿಯಾದರೆ ಕಸವೂ ಕಡಿಮೆ, ಹಣವೂ ಅಲ್ಲಿಯೇ ಉಳಿದೀತು. ಗುಡ್ಡದ ಗಿಡಮೂಲಿಕೆ ಬಲ್ಲ ಹಿರಿಯರೂ ಕುರಿಗಾರರೂ ಅಲ್ಲಿದ್ದಾರೆ. ದಾರಿ ತೋರಿಸಲು ಅವರಿಗಿಂತ ತಕ್ಕವರು ಬೇರಿಲ್ಲ. ಅವರಿಗೆ ಕೂಲಿ ಕೊಡಬೇಕು, ಪುಕ್ಕಟೆ ಮಾಹಿತಿ ಕೇಳಬಾರದು.

ನೋಡಲು ಗುಡ್ಡವೊಂದೇ ಇಲ್ಲ. ಡಂಬಳದಲ್ಲಿ ನಕ್ಷತ್ರಾಕಾರದ ದೊಡ್ಡಬಸಪ್ಪ ಗುಡಿಯಿದೆ. 1095ರ ಶಾಸನವೊಂದು ಅಲ್ಲಿ ಬೌದ್ಧ ವಿಹಾರವಿದ್ದುದನ್ನೂ ತಾರಾದೇವಿಯ ಆರಾಧನೆಯನ್ನೂ ಹೇಳುತ್ತದೆ. ಲಕ್ಕುಂಡಿಯಲ್ಲಿ ಗುಡಿಗಳಿಗಿಂತ ಮೊದಲು ಮೆಟ್ಟಿಲಬಾವಿಗಳನ್ನು ನೋಡುವುದು ಒಳ್ಳೆಯದು. ಹೊನ್ನು ಅಚ್ಚೊತ್ತುತ್ತಿದ್ದ ಊರೇ ನೀರಿಗಾಗಿ ಎಷ್ಟು ಶ್ರಮಪಟ್ಟಿತ್ತೆಂಬುದು ಆ ಮೆಟ್ಟಿಲುಗಳಲ್ಲಿ ತಿಳಿಯುತ್ತದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹಗಲು ಕೆರೆಯಲ್ಲಿದ್ದು, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಮೇವು ರೈತರದು, ಹೆಸರು ಕೆರೆಯದು! ಪ್ರವಾಸಿಗಳಿಂದ ಬರುವ ಶುಲ್ಕದಲ್ಲಿ ಆ ರೈತರಿಗೊಂದು ಪಾಲು ಸಲ್ಲಬೇಕೆಂಬ ಬೇಡಿಕೆಯನ್ನು ಸಂಘಟನೆಗಳು ಈಗಲೇ ಇಡಬೇಕು.

ಗುಡ್ಡಕ್ಕೆ ಮಳೆ ನಿಂತ ಮೇಲಿನ ಎರಡು ತಿಂಗಳು ಪ್ರಶಸ್ತ. ಆಗ ಹುಲ್ಲು ಇನ್ನೂ ಹಸಿರಿರುತ್ತದೆ. ಮಾಗಡಿಗೆ ಡಿಸೆಂಬರ್, ಜನವರಿಯ ನಸುಕು ತಕ್ಕ ಸಮಯ. ಎರಡನ್ನೂ ನೋಡಬೇಕೆನ್ನುವ ಶಾಲೆಗಳು ಎರಡು ಬಾರಿ ಹೋಗುವುದೇ ಲೇಸು.