ಗಾಳಿಗೂ ಲಾರಿ ಬಾಡಿಗೆ!

ಗುಬ್ಬಿಯಿಂದ ತುಮಕೂರಿಗೆ ಬಿ.ಎಚ್. ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಓಡಾಡೋರಿಗೆ ಈ ನೋಟ ಹೊಸದಲ್ಲ. ಮುಂದೊಂದು ಲಾರಿ, ಅದರ ಮೇಲೆ ಗೋಪುರದಂತೆ ತೆಂಗಿನ ನಾರು. ಕಿಟಕಿ ತೆಗೆದರೆ ಕಣ್ಣಿಗೆ ಧೂಳು. ಲಾರಿ ತುಂಬಿದೆ, ನಿಜ. ಆದರೆ ತುಂಬಿರುವುದು ನಾರೋ, ಗಾಳಿಯೋ?

ಹತ್ತಿ ವರ್ತಕರು ಈ ಪ್ರಶ್ನೆಗೆ ಎಂದೋ ಉತ್ತರ ಕಂಡುಕೊಂಡರು. ಹುಬ್ಬಳ್ಳಿ, ಗದಗ, ದಾವಣಗೆರೆ ಸೀಮೆಯ ಅರಳೆಯನ್ನು ಪ್ರೆಸ್ಸಿನಲ್ಲಿ ಅದುಮಿ ಬೇಲು ಕಟ್ಟುತ್ತಾರೆ. ದೇಶದ ಹತ್ತಿ ಲೆಕ್ಕವೇ 170 ಕೆ.ಜಿ.ಯ ಬೇಲಿನಲ್ಲಿ. ನಮ್ಮ ಗುಬ್ಬಿ, ಕುಣಿಗಲ್ ತೆಂಗಿನ ಸೀಮೆ. ಕೊಬ್ಬರಿಗೆಂದು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟ ಕಾಯಿ ಸುಲಿದರೆ, ಒಣಗಿದ ಮಟ್ಟೆ ನಾರಿನ ಮಿಲ್ಲಿಗೆ ಹೋಗುತ್ತದೆ. ಅದನ್ನು ಒತ್ತುವ ಪ್ರೆಸ್ಸೂ ಅದೇ ಜಾತಿಯದು. ಪೆಟ್ಟಿಗೆಗೆ ನಾರು ತುಂಬಿ, ಎಣ್ಣೆಯ ಒತ್ತಡದಲ್ಲಿ ಅದುಮಿ, ಅದುಮಿದ್ದಾಗಲೇ ಕಟ್ಟು ಬಿಗಿಯಬೇಕು. ಬಿಟ್ಟರೆ ಮತ್ತೆ ಉಬ್ಬಿತು!

ಪ್ರೆಸ್ಸು ಇಲ್ಲದ ಸಣ್ಣ ಮಿಲ್ಲಿನವನ ಪಾಡೇನು? ಬಿಡಿ ನಾರು ಜಾಗ ತಿನ್ನುತ್ತೆ, ಕೂಡಿಡೋಕೆ ಗೋಡೌನ್ ಸಾಲದು. ಮಳೆ ಬಂದರೆ ನೆನೆಯುತ್ತೆ, ಕಿಡಿ ಬಿದ್ದರೆ ಮುಗೀತು. ಹೀಗಾಗಿ ಕೊಳ್ಳುವವನು ಹೇಳಿದ ದರಕ್ಕೆ ತಲೆ ಆಡಿಸಬೇಕು. ಲಾರಿ ಬಾಡಿಗೆಯೂ ಆ ದರದಲ್ಲೇ ಮುರಿದುಹೋಗುತ್ತೆ. ಚೀನಾಕ್ಕೆ ಹಡಗು ಹತ್ತುವ ನಾರು ಬೇಲಾಗಿಯೇ ಹತ್ತಬೇಕು. ಅಂದರೆ ಬೆಲೆ ಬರುವ ತನಕ ಕಾಯುವ ಶಕ್ತಿ ಪ್ರೆಸ್ಸು ಇಟ್ಟವನಿಗೇ ಹೊರತು ನಾರು ತೆಗೆದವನಿಗಲ್ಲ.

ಹೊಟ್ಟಿನ ಕಥೆಯೂ ಇಷ್ಟೇ. ಮಟ್ಟೆಯಲ್ಲಿ ನಾರು ಸುಮಾರು ಮೂರರಲ್ಲೊಂದು ಪಾಲು, ಉಳಿದದ್ದೆಲ್ಲ ಹೊಟ್ಟು. ಹೊರಗೆ ಸುರಿದರೆ ಅದು ಕಸ. ತೊಳೆದು, ಒಣಗಿಸಿ, 5 ಕೆ.ಜಿ. ಇಟ್ಟಿಗೆಯಾಗಿ ಒತ್ತಿದರೆ ಹೊರದೇಶದ ನರ್ಸರಿಗಳಿಗೆ ಸರಕು. ನೀರು ಹಾಕಿದರೆ ಸುಮಾರು 70 ಲೀಟರಿನಷ್ಟು ಉಬ್ಬುತ್ತದೆ.

ಹಾಗಂತ ಪ್ರತಿಯೊಬ್ಬನೂ ಸಾಲ ಮಾಡಿ ಪ್ರೆಸ್ಸು ಹಾಕಲಿ ಎಂದಲ್ಲ. ಒಬ್ಬನ ನಾರಿಗೆ ಪ್ರೆಸ್ಸಿನ ಹೊಟ್ಟೆ ತುಂಬದು. ಮಿಷನ್ ಸುಮ್ಮನೆ ನಿಂತರೂ ಬಡ್ಡಿ ನಿಲ್ಲದು. ಹಸಿ ನಾರು ಒತ್ತಿದರೆ ಒಳಗೇ ಬೂಷ್ಟು. ಕಾವಲಿಲ್ಲದ ಪೆಟ್ಟಿಗೆಗೆ ಕೂಲಿಯವನ ಕೈ ಸಿಕ್ಕರೆ ಗತಿಯೇನು?

ಹತ್ತು ಮಿಲ್ಲಿನವರು ಸೇರಿ ಗುಬ್ಬಿಗೊಂದು, ಕುಣಿಗಲ್‌ಗೊಂದು ಪ್ರೆಸ್ಸು, ಜೊತೆಗೆ ಒಣಕಣ ಮತ್ತು ಗೋಡೌನ್ ಮಾಡಿಕೊಂಡರೆ ಲೆಕ್ಕ ಕೂಡುತ್ತೆ. ಕೇಂದ್ರ ಸರ್ಕಾರ 2005ರಲ್ಲಿ ತಂದ ಸ್ಫೂರ್ತಿ ಯೋಜನೆ ಇಂಥ ಸಾಮೂಹಿಕ ಸೌಲಭ್ಯಕ್ಕೆಂದೇ ಹುಟ್ಟಿದ್ದು, ನಾರಿನ ಕಸುಬೂ ಅದರೊಳಗೆ ಸೇರಿತ್ತು. ಸಂಘ ಕಟ್ಟುವುದು ಮಾತ್ರ ನಮ್ಮವರ ಕೆಲಸ. ನಾರನ್ನು ಒಟ್ಟುಗೂಡಿಸಿ ಅದುಮಿದರೆ ಬೇಲು. ನಾರಿನವರೇ ಒಟ್ಟುಗೂಡದಿದ್ದರೆ? ಗಾಳಿಗೆ ಬಾಡಿಗೆ ಕಟ್ಟುತ್ತಾ ಇರಬೇಕು, ಅಷ್ಟೆ.