ಇನ್ನೊಂದು ಸಲ ಗೋಪಿನಾಥಂಗೆ

ಹನೂರು ಸೀಮೆಯ ಹೆಣ್ಣುಮಗಳೊಬ್ಬಳು ಪಿಎಚ್‌ಡಿ ಮಾಡುತ್ತಿದ್ದಾಳೆ. ಪಾಲಾರ್‌ನಿಂದ ಗೋಪಿನಾಥಂ, ಅಲ್ಲಿಂದಾಚೆ ಹೊಗೇನಕಲ್‌ವರೆಗಿನ ಕಾವೇರಿ ದಂಡೆಯ ಊರುಗಳ ಬದುಕು ಆಕೆಯ ವಿಷಯ. ಯಾವಾಗ ಸಿಕ್ಕರೂ ಒಂದೇ ಮಾತು: "ಇನ್ನೊಂದು ಸಲ ಗೋಪಿನಾಥಂಗೆ ಹೋಗಿ ಬಂದ್ಬಿಟ್ರೆ ಬರೆಯೋಕೆ ಕೂತ್ಕೋತೀನಿ ಸಾರ್." ಕ್ಷೇತ್ರಕಾರ್ಯದ ನೋಟ್‌ಬುಕ್ಕುಗಳು ಟ್ರಂಕು ತುಂಬಿವೆ. ಮೊಬೈಲಿನಲ್ಲಿ ಜಾಗ ಸಾಲದಷ್ಟು ಸಂದರ್ಶನಗಳಿವೆ. ಬರೆದದ್ದು ಪ್ರಸ್ತಾವನೆ ಮಾತ್ರ. ಅದನ್ನೇ ತಿದ್ದುತ್ತ, ಮತ್ತೆ ಮೊದಲಿನಂತೆ ಮಾಡುತ್ತ ಆಕೆಯ ವರ್ಷಗಳು ಹೋಗುತ್ತಿವೆ.

ಇದನ್ನು ಸೋಮಾರಿತನ ಎನ್ನುವವರು ಆ ದಾರಿಯಲ್ಲಿ ಒಮ್ಮೆ ಹೋಗಿಬರಲಿ. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ, ಹನೂರು, ಕೌದಳ್ಳಿ ದಾಟಿ, ಮಾದಪ್ಪನ ಬೆಟ್ಟ ಏರಿ, ಅತ್ತ ಕಡೆಯ ತಿರುವುಗಳಲ್ಲಿ ಇಳಿದು ಪಾಲಾರ್ ಸೇರಿ, ಅಲ್ಲಿಂದ ಕಾಡಿನ ರಸ್ತೆ ಹಿಡಿಯಬೇಕು. ಸೋಮಾರಿಯಾದವನು ಕೌದಳ್ಳಿಯಲ್ಲೇ ಟೀ ಕುಡಿದು ವಾಪಸಾಗುತ್ತಾನೆ. ಇಲ್ಲಿರುವುದು ಬೇರೆಯೇ ಕಾಯಿಲೆ. ಆಕೆ ದುಡಿಯುತ್ತಿದ್ದಾಳೆ, ಬರವಣಿಗೆ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡುತ್ತಿದ್ದಾಳೆ.

ವಿಷಯವೂ ಅಂಥದ್ದೇ, ಎಳೆದಷ್ಟೂ ಉದ್ದ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವತನಕ ಕೊಳ್ಳೇಗಾಲ ತಾಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಳೆಯ ಅರಣ್ಯದ ಕಾಗದಪತ್ರ ನೋಡಬೇಕೆಂದರೆ ಚೆನ್ನೈನ ಎಗ್ಮೋರಿನ ದಾಖಲೆ ಭಂಡಾರಕ್ಕೆ ಹೋಗಬೇಕು. ಊರಿನ ಮನೆಮಾತು ಬಹುಪಾಲು ತಮಿಳು, ಶಾಲೆಯದು ಕನ್ನಡ. ಅದನ್ನು ಬಿಡುವುದು ಹೇಗೆ? ಕಾವೇರಿ ವನ್ಯಧಾಮ ಬಂದದ್ದು, ಅದರ ನೆರೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮ 2013ರಲ್ಲಿ ಘೋಷಣೆಯಾದದ್ದು, ದನ ಮೇಯಿಸುವವರ ಹಕ್ಕು, ಅಣೆಕಟ್ಟೆ, ವಲಸೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡೇ ಇವೆ. ಒಂದು ವಿಷಯ ಬಿಟ್ಟರೂ ವೈವಾದಲ್ಲಿ ಯಾರಾದರೂ ಕೇಳಿಯೇ ಬಿಡುತ್ತಾರೆ ಎಂಬ ದಿಗಿಲು ಆಕೆಗೆ.

ಆದರೆ ನನಗೆ ಕಂಡದ್ದು, ಆಕೆಗೆ ವೈವಾಗಿಂತ ದೊಡ್ಡ ಭಯ ಊರಿನದೇ. ಗೋಪಿನಾಥಂ ಎಂದರೆ ಹೊರಗಿನವರಿಗೆ ವೀರಪ್ಪನ್ ಹುಟ್ಟಿದೂರು, ಅಷ್ಟೇ. ಆ ಊರಲ್ಲೇ ಇದ್ದು ಜನರ ಮನಸ್ಸು ಗೆದ್ದು, ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡು 1991ರ ನವೆಂಬರ್ 10ರಂದು ಕೊಂದ. ಅಲ್ಲಿಂದ 2004ರ ಅಕ್ಟೋಬರ್ 18ಕ್ಕೆ ಅವನ ಕಥೆ ಮುಗಿಯುವತನಕ ಆ ಭಾಗದ ಜನರಿಗೆ ಒಂದು ಕಡೆ ಅವನು, ಇನ್ನೊಂದು ಕಡೆ ಅವನನ್ನು ಹಿಡಿಯಲು ಬಂದ ಪೊಲೀಸ್ ಕಾರ್ಯಪಡೆ ಎಸ್‌ಟಿಎಫ್. ಪೊಲೀಸರು ಕೇಳಿದರು. ಪತ್ರಕರ್ತರು ಕೇಳಿದರು. ಸಿನಿಮಾದವರು, ಟೀವಿಯವರು ಬಂದು ಕೇಳಿದರು. ಆಮೇಲೆ ನೋಟ್‌ಬುಕ್ಕು ಹಿಡಿದು ಸಂಶೋಧಕರೂ ಬಂದರು. ಯಾರು ಏನು ಬರೆದುಕೊಂಡು ಹೋದರೋ, ಅದರಿಂದ ಯಾರಿಗೆ ಏನಾಯಿತೋ, ಊರಿನವರ ಕೈಗೆ ಆ ಪುಸ್ತಕ ಬಂದದ್ದು ಕಡಿಮೆ.

ಆಕೆ ಹೋದಾಗಲೆಲ್ಲ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತ ಅಜ್ಜಿಯೊಬ್ಬರು ತಮಿಳು ಬೆರೆತ ಕನ್ನಡದಲ್ಲಿ ವಿಚಾರಿಸುತ್ತಾರಂತೆ: "ಎಲ್ಲಿಗಂಟ ಬಂತವ್ವಾ ನಿನ್ ಬುಕ್ಕು? ನಮ್ಮೆಸ್ರು ಮಾತ್ರ ಹಾಕ್ಬೇಡ ಕನವ್ವ." ಆ ಅಜ್ಜಿ ಕೇಳಿದ್ದು ಎರಡು ಮಾತು, ಆಕೆಗೆ ನಿದ್ದೆ ಕೆಡಿಸಿದ್ದು ಎರಡನೆಯದು. ಬರೆದದ್ದು ಸಪ್ಪೆಯಾದರೆ ಗೈಡ್ ಮುಖ ಗಂಟಿಕ್ಕುತ್ತಾರೆ, ತಪ್ಪಾದರೆ ಈ ಅಜ್ಜಿಗೆ ಮುಖ ತೋರಿಸುವುದು ಹೇಗೆ? ಇಬ್ಬರ ನಡುವೆ ಸಿಕ್ಕಿಬಿದ್ದವರಿಗೆ ಮತ್ತಷ್ಟು ಮಾಹಿತಿ ಸಂಗ್ರಹಿಸುವುದೇ ನೆಮ್ಮದಿ. ಯಾರೂ ಬೈಯುವುದಿಲ್ಲ, ಪ್ರಗತಿ ವರದಿಯಲ್ಲಿ ತೋರಿಸಲೂಬಹುದು. ಬರೆಯುವ ಭಯಕ್ಕೆ ಇಷ್ಟು ಮರ್ಯಾದಸ್ಥ ಅಡಗುತಾಣ ಆ ಕಾಡಿನಲ್ಲೂ ಸಿಗಲಾರದು.

ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕಥೆಯನ್ನು ಆಕೆಗೆ ಹೇಳಿದೆ. 1948ರಲ್ಲಿ ಅವರು ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಟಿಪ್ಪಣಿ ಮಾಡಿಕೊಂಡರು. ಪುಸ್ತಕದಲ್ಲಿ ಆ ಊರಿಗೆ ರಾಮಪುರ ಎಂದು ಹೆಸರು ಕೊಟ್ಟಿದ್ದಾರೆ (ನಮ್ಮ ಹನೂರಿನ ರಾಮಾಪುರವಲ್ಲ). ಅವರೇನೂ ಪಿಎಚ್‌ಡಿಗೆ ಬರೆಯುತ್ತಿರಲಿಲ್ಲ, ಆಕ್ಸ್‌ಫರ್ಡಿನ ಡಾಕ್ಟರೇಟ್ ಅಷ್ಟರಲ್ಲೇ ಕೈಗೆ ಬಂದಿತ್ತು. ಆದರೂ ಆ ಹಳ್ಳಿಯ ಬಗ್ಗೆ ದೊಡ್ಡ ಪುಸ್ತಕ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಪಾಠ, ಆಡಳಿತ, ಹೊಸ ವಿಭಾಗಗಳನ್ನು ಕಟ್ಟುವ ಕೆಲಸ. ನಡುನಡುವೆ ಟಿಪ್ಪಣಿಗಳನ್ನು ವಿಂಗಡಿಸಿ, ಸಂಸ್ಕರಿಸಿ, ಪ್ರತಿ ಮಾಡಿಸಿ ಇಡುವುದು. ಕೊನೆಗೆ ಬರೆಯಲೆಂದೇ ಬಿಡುವು ಮಾಡಿಕೊಂಡು ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋದರು. 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಅಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಬೆಂಕಿಯಿಟ್ಟರು. ಸಂಸ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಒಂದೇ ಕೋಣೆಯಲ್ಲಿದ್ದವು. ಮೂರೂ ಸುಟ್ಟುಹೋದವು.

ಟಿಪ್ಪಣಿಯ ಚಿಂತೆ ಬಿಡಿ, ನೆನಪಿನಿಂದಲೇ ಬರೆಯಿರಿ ಎಂದು ಧೈರ್ಯ ಹೇಳಿದ್ದು ಅಲ್ಲಿದ್ದ ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್. ಇಪ್ಪತ್ತೆರಡು ವರ್ಷದಿಂದ ಆಗದಿದ್ದ ಪುಸ್ತಕ ಆಗ ಶುರುವಾಯಿತು. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಹೆಸರಿನಲ್ಲಿ ಬಂತು. ಜಗತ್ತಿನಾದ್ಯಂತ ಇಂದಿಗೂ ಓದುವ ಪುಸ್ತಕ ಅದು. ಇದನ್ನು ಓದಿ ಯಾರೂ ಟ್ರಂಕಿಗೆ ಬೆಂಕಿ ಹಚ್ಚಬೇಕಿಲ್ಲ, ಮುಚ್ಚಿ ಬೀಗ ಹಾಕಿದರೆ ಸಾಕು. ಒಂದು ಅಧ್ಯಾಯವನ್ನು ನೋಟ್‌ಬುಕ್ಕು ನೋಡದೆ ಬರೆಯಬೇಕು. ಗೊತ್ತಿಲ್ಲದ ಕಡೆ ಖಾಲಿ ಬಿಟ್ಟು ಮುಂದೆ ಹೋಗಬೇಕು. ಆಮೇಲೆ ಬೀಗ ತೆಗೆದರೆ ಟ್ರಂಕಿನಲ್ಲಿ ಏನು ಹುಡುಕಬೇಕು ಎಂಬುದಾದರೂ ತಿಳಿದಿರುತ್ತದೆ. ಗೋಪಿನಾಥಂಗೆ ಹೋಗಲೇಬೇಕಾದರೆ ಆಗ ಹೋಗಲಿ, ಕೈಯಲ್ಲಿ ಪ್ರಶ್ನೆಗಳ ಚೀಟಿ ಇಟ್ಟುಕೊಂಡು.

ಇನ್ನೊಂದು ಉದಾಹರಣೆ ಎಂ. ಚಿದಾನಂದಮೂರ್ತಿಯವರದು. ತೀ.ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ 1964ರಲ್ಲಿ ಅವರು ಪಡೆದ ಡಾಕ್ಟರೇಟ್‌ನ ಮಹಾಪ್ರಬಂಧ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'. ಕನ್ನಡ ಎಂ.ಎ. ಓದಿದವರೆಲ್ಲ ಅದನ್ನು ಕೈಯಲ್ಲಿ ಹಿಡಿದವರೇ. ಆದರೆ ಆ ಹೆಸರಿನ ಪಕ್ಕದಲ್ಲಿರುವ ಇಸವಿಗಳನ್ನು ಎಷ್ಟು ಜನ ಗಮನಿಸಿದ್ದಾರೆ? ಕ್ರಿ.ಶ. 450ರಿಂದ 1150. ಹಲ್ಮಿಡಿಯ ಕಾಲದಲ್ಲಿ ಶುರುಮಾಡಿ ಹನ್ನೆರಡನೇ ಶತಮಾನದ ನಡುವಿನಲ್ಲಿ ನಿಲ್ಲಿಸಿಬಿಟ್ಟರು. ಆಮೇಲೆ ಶಾಸನಗಳಿರಲಿಲ್ಲವೇ? ಹೊಯ್ಸಳರ ಎಷ್ಟೋ ಶಾಸನಗಳು, ವಿಜಯನಗರದ ಶಾಸನಗಳ ರಾಶಿ, ಎಲ್ಲವೂ ಆಚೆಗೇ ಉಳಿದವು. ಗೆರೆ ಎಳೆದದ್ದರಿಂದ ಪುಸ್ತಕ ಬಡವಾಗಲಿಲ್ಲ, ಮುಗಿಯಿತು. ಪಿಎಚ್‌ಡಿ ನಡುವೆ ಬೇರೆ ಬರವಣಿಗೆ ಹಿಡಿದರೂ ತಪ್ಪಿಲ್ಲ, ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌ಡಿ ಮಾಡುತ್ತಲೇ 'ಸಂಸ್ಕಾರ' ಬರೆದರಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಜ, ಆದರೆ 1966ರಲ್ಲಿ ಅವರ ಪಿಎಚ್‌ಡಿಯೂ ಮುಗಿಯಿತು. ಕಾದಂಬರಿ ಬರೆಯಬಲ್ಲವರಷ್ಟೇ ಆ ನೆಪ ಹೇಳಲಿ.

ಅಷ್ಟು ದೂರ ಹೋಗುವುದೇಕೆ, ಮಾದಪ್ಪನ ಗುಡ್ಡರನ್ನೇ ನೋಡಬಹುದು. ಪಿ.ಕೆ. ರಾಜಶೇಖರ, ಕೇಶವನ್ ಪ್ರಸಾದ್ ಮೊದಲಾದವರು ಸಂಗ್ರಹಿಸಿದ ಮಲೆ ಮಾದೇಶ್ವರ ಕಾವ್ಯ ಸಾವಿರಾರು ಸಾಲಿನ ಮಹಾಕಾವ್ಯ. ಪೂರ್ತಿ ಹಾಡುತ್ತೇನೆಂದು ಯಾವ ದೇವರಗುಡ್ಡನೂ ಒಂದು ರಾತ್ರಿ ಕಂಸಾಳೆ ಹಿಡಿದು ಕೂರುವುದಿಲ್ಲ. ಸರಗೂರಯ್ಯನ ಸಾಲೋ, ಇಕ್ಕೇರಿ ದೇವಮ್ಮನ ಸಾಲೋ, ಬೇವಿನಹಟ್ಟಿ ಕಾಳಮ್ಮನ ಸಾಲೋ ಯಾವುದಾದರೂ ಒಂದು ಕಥಾಭಾಗವನ್ನು ಆರಿಸಿಕೊಳ್ಳುತ್ತಾರೆ. ಸಂಕಮ್ಮನ ಸಾಲು ಹಿಡಿದರೆ ಸೋಲಿಗರ ನೀಲೇಗೌಡ ಜೇನಿಗೆ ಹೊರಟದ್ದು, ಹೆಂಡತಿಯನ್ನು ಭಾಷೆ ಕೇಳಿದ್ದು, ಅವಳು ಪಟ್ಟ ಕಷ್ಟ, ಮಾದಪ್ಪ ವರ ಕೊಟ್ಟದ್ದು, ಅಲ್ಲಿಗೆ ಬೆಳಗಾಗುತ್ತದೆ. ಜುಂಜೇಗೌಡನ ಸಾಲನ್ನು ಬಿಟ್ಟೆಯಲ್ಲ ಎಂದು ಕೇಳುವ ಭಕ್ತ ಇನ್ನೂ ಹುಟ್ಟಿಲ್ಲ. ಮಹಾಪ್ರಬಂಧದ ಅಧ್ಯಾಯವನ್ನೂ ಹೀಗೆ ಹಿಡಿದರೆ ಎದೆಯ ಮೇಲಿನ ಭಾರ ಅರ್ಧ ಇಳಿಯುತ್ತದೆ ಎಂದು ನನಗನ್ನಿಸಿದೆ.

ಇಷ್ಟೆಲ್ಲ ಹೇಳಿದ ಮೇಲೂ ತಪ್ಪನ್ನೆಲ್ಲ ಸಂಶೋಧಕರ ಮನಸ್ಸಿನ ಮೇಲೆ ಹೇರುವುದು ಅನ್ಯಾಯ. ಈ ಭಾಗದಲ್ಲಿ ಪಿಎಚ್‌ಡಿಗೆ ಸೇರುವ ಬಹಳಷ್ಟು ಮಕ್ಕಳಿಗೆ ಮನೆಯಲ್ಲಿ ದಾರಿ ತೋರಿಸುವವರಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಸಮುದಾಯದಿಂದ ಬಂದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದರು, ತಮ್ಮವರ ಅರಣ್ಯ ಹಕ್ಕಿಗಾಗಿ ದುಡಿದರು. ಅಂಥ ಒಬ್ಬರ ಹಿಂದೆ ಅರ್ಧಕ್ಕೇ ಬಿಟ್ಟವರು ಎಷ್ಟೋ ಮಂದಿ. ಫೆಲೋಶಿಪ್ ಇಲ್ಲದವರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾರೆ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ, ಮೌಲ್ಯಮಾಪನದ ಕಟ್ಟು ಮುಗಿಸಿ ರಾತ್ರಿ ಹತ್ತಕ್ಕೆ ಮಹಾಪ್ರಬಂಧ ತೆಗೆದರೆ ತಲೆ ಓಡುವುದಿಲ್ಲ. ಸಾಲದ್ದಕ್ಕೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ಅಧ್ಯಾಯ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿಹ್ನೆಗಳು! ಯೂನಿಕೋಡ್‌ಗೆ ಬದಲಾಯಿಸಿ, ಕೆಟ್ಟ ಒತ್ತಕ್ಷರಗಳನ್ನು ಸರಿಮಾಡುತ್ತ ಡಿಟಿಪಿ ಅಂಗಡಿಯಲ್ಲಿ ಕೂತವರಿಗೆ ಗೊತ್ತು ಆ ಸಂಕಟ.

ನಿಯಮಗಳೂ ತಿಳಿದಿರಲಿ, ಅರೆಬರೆ ತಿಳಿದರೆ ದಿಗಿಲೇ ಹೆಚ್ಚು. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷದವರೆಗೆ ಸಿಗುತ್ತದೆ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆ 2 ವರ್ಷ, ಒಟ್ಟು 10 ದಾಟುವಂತಿಲ್ಲ. ಹೆರಿಗೆ ಮತ್ತು ಮಗುವಿನ ಆರೈಕೆಗೆ ಮಹಿಳೆಯರು 240 ದಿನಗಳವರೆಗೆ ರಜೆ ಪಡೆಯಬಹುದು. ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು ಯುಜಿಸಿ ತೆಗೆದಿದೆ, ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನು ಹೇಳುತ್ತದೆ ಎಂದು ಒಮ್ಮೆ ಕೇಳಿಕೊಳ್ಳಿ. ನೋಂದಣಿ ಮುಗಿಯಿತೆಂದು ಹೆದರಿ ವಿಭಾಗದ ಕಡೆ ತಲೆಹಾಕದೆ ಉಳಿದವರು ಮೊದಲು ಹೋಗಿ ವಿಚಾರಿಸಲಿ.

ನಿದ್ದೆ ಬಾರದೆ, ಊಟ ಸೇರದೆ, ಗೈಡ್ ಹೆಸರು ಫೋನಿನಲ್ಲಿ ಮೂಡಿದರೆ ಎದೆ ಹೊಡೆದುಕೊಳ್ಳುವ ಸ್ಥಿತಿಗೆ ಬಂದಿದ್ದರೆ ಅದು ಬರೀ ಬರವಣಿಗೆಯ ಸಮಸ್ಯೆಯಲ್ಲ. 2018ರಲ್ಲಿ 'ನೇಚರ್ ಬಯೊಟೆಕ್ನಾಲಜಿ' ಪತ್ರಿಕೆಯಲ್ಲಿ ಬಂದ ಸಮೀಕ್ಷೆಯೊಂದು 26 ದೇಶಗಳ 2,279 ಜನರನ್ನು ವಿಚಾರಿಸಿತ್ತು. ಅವರಲ್ಲಿ ಹೆಚ್ಚಿನವರು ಪಿಎಚ್‌ಡಿ ವಿದ್ಯಾರ್ಥಿಗಳು. ಶೇ 41ರಷ್ಟು ಮಂದಿಯಲ್ಲಿ ಸಾಧಾರಣದಿಂದ ತೀವ್ರ ಮಟ್ಟದ ಆತಂಕ ಕಂಡಿತು. ನಿಮಗೊಬ್ಬರಿಗೇ ಹೀಗಾಗುತ್ತಿದೆ ಎಂದುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆ ಹೆಣ್ಣುಮಗಳು ಕಳೆದ ತಿಂಗಳು ಗೋಪಿನಾಥಂಗೆ ಹೋಗಲಿಲ್ಲ. ಮೇವು, ದನ ಮತ್ತು ಅರಣ್ಯ ಇಲಾಖೆಯ ಅಧ್ಯಾಯವನ್ನು ಬರೆದು ಮುಗಿಸಿದಳು. ಅಜ್ಜಿಯ ಹೆಸರು ಅದರಲ್ಲಿಲ್ಲ, ಊರಿನ ಯಾರ ಹೆಸರೂ ಇಲ್ಲ. ಚೆನ್ನೈನ ದಾಖಲೆಗಳು ಇರಬೇಕಾದಲ್ಲಿ ಎರಡು ಕಡೆ ಖಾಲಿ ಬಿಟ್ಟಿದ್ದಾಳೆ. ಅಧ್ಯಾಯ ಈಗ ಮಾರ್ಗದರ್ಶಕರ ಮೇಜಿನ ಮೇಲಿದೆ. ನಾಡಿನ ಮಾರ್ಗದರ್ಶಕರಲ್ಲಿ ನನ್ನದೊಂದು ವಿನಂತಿ: ಇಂಥ ಅಧ್ಯಾಯ ಕೈಗೆ ಬಂದರೆ ಹದಿನೈದು ದಿನದೊಳಗೆ ಓದಿ ವಾಪಸು ಕೊಡಿ. ಕೆಂಪು ಗೀರು ಎಷ್ಟು ಬೇಕಾದರೂ ಹಾಕಿ, ಬೈಯಲೇಬೇಕಾದರೆ ಬೈದೂ ಬಿಡಿ, ಓದದೆ ಮಾತ್ರ ಇಟ್ಟುಕೊಳ್ಳಬೇಡಿ.