ಗೌಹರ್ ಜಾನ್ ದನಿ ನಿಜಕ್ಕೂ ಅಷ್ಟು ಕೀರಲೇ?

ನಾನಿರುವ ವಾರಾಣಸಿಯಲ್ಲಿ ಹಳೆಯ ಠುಮ್ರಿಯ ಮಾತು ಬಂದರೆ ಗೌಹರ್ ಜಾನ್ ಹೆಸರು ಬಂದೇ ಬರುತ್ತದೆ. ಅವರು 1873ರಲ್ಲಿ ಹುಟ್ಟಿದ್ದು ಆಜಂಗಢದಲ್ಲಿ. ತಾಯಿ ಮಲಕಾ ಜಾನ್ ಜೊತೆ ಬಾಲ್ಯದ ಕೆಲ ವರ್ಷ ಕಳೆದದ್ದು ಈ ಊರಿನಲ್ಲಿ, ಹೆಸರು ಮಾಡಿದ್ದು ಕಲ್ಕತ್ತೆಯಲ್ಲಿ. ಕೊನೆಗಾಲ ಮಾತ್ರ ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ 1928ರಲ್ಲಿ ಬಂದವರು 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಪ್ಲೇಟುಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹಾನೋವರಿನಲ್ಲಿ. ಹಾಡು ಯಾರದೆಂದು ಅಲ್ಲಿನವರಿಗೆ ತಿಳಿಯಲೆಂದು ಕೊನೆಯಲ್ಲಿ ಇಂಗ್ಲಿಷಿನಲ್ಲೇ ತಮ್ಮ ಹೆಸರು ಹೇಳುತ್ತಿದ್ದರು. ಇಂದು ಯೂಟ್ಯೂಬಿನಲ್ಲಿ ಅದನ್ನು ಕೇಳಿದವರು ‘ಇದೇನು ಇಷ್ಟು ಕೀರಲು ದನಿ!’ ಎನ್ನುತ್ತಾರೆ.

ಅರ್ಧ ತಪ್ಪು ಆ ಕಾಲದ ಕಹಳೆಯದು. ಮೈಕು ಇರಲಿಲ್ಲ, ಕಹಳೆಯ ಬಾಯಿಗೆ ಹಾಡಬೇಕಿತ್ತು. ಮಂದ್ರದ ತೂಕ ಅದರಲ್ಲಿ ಮುದ್ರಣವಾಗುತ್ತಲೇ ಇರಲಿಲ್ಲ. ಇನ್ನರ್ಧದ ಅನುಮಾನ ವೇಗದ ಮೇಲೆ.

‘78’ ಎನ್ನುವುದು ಆಮೇಲೆ ಬಂದ ಲೆಕ್ಕ. ನಿಮಿಷಕ್ಕೆ 3600 ಸುತ್ತಿನ ವಿದ್ಯುತ್ ಮೋಟಾರಿಗೆ 46:1 ಗೇರು ಹಾಕಿದರೆ ಅಮೆರಿಕದ 78.26 ಸಿಗುತ್ತದೆ. 50 ಹರ್ಟ್ಸ್ ಕರೆಂಟಿನ ನಮ್ಮಂಥ ದೇಶಗಳಲ್ಲಿ ಅದು 77.92. 1902ರಲ್ಲಿ ಈ ಶಿಸ್ತು ಇರಲಿಲ್ಲ. ವೇಗ 70ರ ಆಸುಪಾಸಿನಿಂದ 80ರ ಆಚೆಗೂ ಓಲಾಡುತ್ತಿತ್ತು. 74ರಲ್ಲಿ ಕೊರೆದ ಪ್ಲೇಟನ್ನು 78ರಲ್ಲಿ ತಿರುಗಿಸಿ ನೋಡಿ. ಶ್ರುತಿ ಹೆಚ್ಚುಕಡಿಮೆ ಅರ್ಧ ಮನೆ ಮೇಲೇರುತ್ತದೆ, ಮೂರು ನಿಮಿಷದ ಹಾಡು 2 ನಿಮಿಷ 51 ಸೆಕೆಂಡಿಗೆ ಮುಗಿಯುತ್ತದೆ. ತಾನಗಳು ಚುರುಕಾಗುತ್ತವೆ, ಗಾಯಕಿಯ ವಯಸ್ಸು ಇಳಿದಂತೆ ಕೇಳಿಸುತ್ತದೆ.

ಪಾಶ್ಚಾತ್ಯ ವಾದ್ಯವೃಂದದ ಹಳೆಯ ಪ್ಲೇಟಾದರೆ ಒಂದು ಆಸರೆ ಉಂಟು. ಅವರ ‘ಎ’ ಸ್ವರಕ್ಕೆ ಫ್ರಾನ್ಸ್ 1859ರಲ್ಲೇ 435 ಎಂದು ಕಾನೂನು ಮಾಡಿತ್ತು, 1939ರ ಲಂಡನ್ ಸಭೆ 440ಕ್ಕೆ ಒಪ್ಪಿತು. ಊರು, ಇಸವಿ ಗೊತ್ತಿದ್ದರೆ ವೇಗವನ್ನು ಅಂದಾಜು ಮಾಡಬಹುದು. ಆದರೂ ಎಲ್ಲವನ್ನೂ 440ಕ್ಕೆ ಎಳೆದು ಕೂರಿಸಿದರೆ ಅದೂ ತಪ್ಪೇ, ಏಕೆಂದರೆ ಆ ವೃಂದ ನಿಜಕ್ಕೂ ಬೇರೆ ಶ್ರುತಿಯಲ್ಲಿ ನುಡಿಸಿರಬಹುದು.

ನಮ್ಮಲ್ಲಿ ಆ ಆಸರೆಯೂ ಇಲ್ಲ. ಷಡ್ಜ ಹಾಡುವವರ ಕಂಠಕ್ಕೆ ಬಿಟ್ಟದ್ದು. ಹಿಂದೆ ಹಾರ್ಮೋನಿಯಂ ಕೇಳಿಸಿದರೆ ಸ್ವಲ್ಪ ನೆರವು. ಷಡ್ಜ ಅದರ ಯಾವುದೋ ಒಂದು ಮನೆಯ ಮೇಲೆ ಕೂರಲೇಬೇಕು, ಹಾಗಾಗಿ ಸಾಧ್ಯವಿರುವ ವೇಗಗಳು ಸುಮಾರು ಆರು ಶೇಕಡಾ ಅಂತರದ ಒಂದೆರಡಕ್ಕೆ ಇಳಿಯುತ್ತವೆ. ಆ ಪೆಟ್ಟಿಗೆಯನ್ನೇ ಯಾವ ಶ್ರುತಿಗೆ ಕೂರಿಸಿದ್ದರು ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಕೊನೆಯ ಆಯ್ಕೆ ಕಿವಿಯದು. ಹಾಡು ಮುಗಿದ ಮೇಲೆ ಮಾತಾಡುವ ಆ ದನಿ ಸಹಜವಾದ ಹೆಂಗಸಿನ ದನಿಯೇ, ಗೊಂಬೆಯ ದನಿಯೇ? ಹಾನೋವರಿನ ಅನುಕೂಲಕ್ಕೆ ಹೇಳಿದ ಹೆಸರು ನಮಗೆ ಒರೆಗಲ್ಲಾಗಿದೆ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಈಗ ಹಳೆಯ ಪ್ಲೇಟುಗಳು ಸರಸರನೆ ಎಂಪಿ3 ಆಗುತ್ತಿವೆ. ಪ್ಲೇಟು ಕೈಯಲ್ಲಿದ್ದರೆ ವೇಗವನ್ನು ಮತ್ತೆ ಪರೀಕ್ಷಿಸಬಹುದು. ಪ್ಲೇಟು ಒಡೆದು ಫೈಲಷ್ಟೇ ಉಳಿದರೆ, ತಿರುಗಿಸಿದವರ ಊಹೆಯೇ ಗಾಯಕಿಯ ದನಿಯಾಗಿ ನಿಂತುಬಿಡುತ್ತದೆ. ನಮ್ಮ ಐಟಿ ಮಂದಿಗೆ ಮೆಟಾಡೇಟಾದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಊರಿನ ಅಟ್ಟದಲ್ಲಿ ಅಜ್ಜನ ಪ್ಲೇಟುಗಳಿದ್ದರೆ ಮೊದಲು ನಿಮ್ಮ ಟರ್ನ್‌ಟೇಬಲ್ ಪರೀಕ್ಷಿಸಿ. 50 ಹರ್ಟ್ಸ್‌ಗೆಂದು ಗೆರೆ ಹಾಕಿದ ಸ್ಟ್ರೋಬ್ ಚಕ್ರವನ್ನು ಮೇಲಿಟ್ಟು ತಿರುಗಿಸಿ. 77 ಗೆರೆಗಳ ಸುತ್ತು ನಿಂತಂತೆ ಕಂಡರೆ ವೇಗ 77.92, 180 ಗೆರೆಗಳದ್ದು ನಿಂತರೆ ಎಲ್‌ಪಿಯ 33⅓. ಬೆಳಕಿಗೆ ಹಳೆಯ ನಿಯಾನ್ ದೀಪ ವಾಸಿ, ಎಷ್ಟೋ ಎಲ್‌ಇಡಿಗಳು ಮಿನುಗುವುದೇ ಇಲ್ಲ. ಆಮೇಲೆ ಫೈಲಿನ ಹೆಸರಿನಲ್ಲೇ ವೇಗ ಬರೆದಿಡಿ. ತಿದ್ದುವ ಮನಸ್ಸಾದರೆ ತಿದ್ದಿದ್ದನ್ನು ಬೇರೆ ಪ್ರತಿಯಾಗಿಡಿ, ಮೂಲವನ್ನು ಮುಟ್ಟಬೇಡಿ. ಮುಂದೆ ಕೇಳುವವರ ಕಿವಿ ನಮ್ಮದಕ್ಕಿಂತ ಚುರುಕಾಗಿರಬಹುದು.